ಕೋಟೆ ಮುಂದೆ ಅಪ್ಪ ಕೇಳಿದ್ದು

18 ಆಗಸ್ಟ್ 2024, ಭಾನುವಾರ ರಾತ್ರಿ
ನ್ಯೂಕಾಸಲ್

ಈಗಷ್ಟೇ ಮನೆ ಸೇರಿದೆವು. ಅಮ್ಮ ಚಿತ್ರಾನ್ನ ಕಲಸುತ್ತಿದ್ದಾಳೆ. ಅಪ್ಪ ಸೋಫಾ ಮೇಲೇ ಮಲಗಿಬಿಟ್ಟಿದ್ದಾರೆ.

ಎಡಿನ್‌ಬರೋ ಮಿಲಿಟರಿ ಟ್ಯಾಟೂ, ಅಂದರೆ ಸ್ಕಾಟ್ಲೆಂಡಿನಲ್ಲಿ ನಡೆಯುವ ಸೈನಿಕ ಬ್ಯಾಂಡುಗಳ ಪ್ರದರ್ಶನ, ನೋಡಬೇಕು ಅನ್ನೋದು ಈ ದೇಶಕ್ಕೆ ಬಂದಾಗಿನ ಆಸೆ. 1950ರಿಂದ, ಕೋವಿಡ್ ಕಾಲ ಬಿಟ್ಟರೆ, ಪ್ರತಿ ಆಗಸ್ಟ್‌ನಲ್ಲಿ ಕೋಟೆ ಮುಂದಿನ ಬಯಲಲ್ಲಿ ನಡೆಯುತ್ತದೆ. ನಿನ್ನೆ ರಾತ್ರಿ 9.30ರ ಪ್ರದರ್ಶನಕ್ಕೆ ಹೋದೆವು. ಮೂರು ಕಡೆ ಗ್ಯಾಲರಿ, ಎಂಟು ಸಾವಿರಕ್ಕೂ ಜಾಸ್ತಿ ಜನ, ನಾಲ್ಕನೇ ಕಡೆ ಕೋಟೆ. ಚಳಿಗೆ ಅಮ್ಮ ನಡುಗುತ್ತಿದ್ದಳು. "ನಮ್ಮ ಬನ್ನಿಮಂಟಪದ ಪಂಜಿನ ಕವಾಯತೇ ವಾಸಿ ಕಣೇ" ಅಂದಳು.

ಆಮೇಲೆ ಹೆಬ್ಬಾಗಿಲು ತೆರೆಯಿತು. ಬ್ಯಾಗ್‌ಪೈಪ್ ಊದುವವರು ಮೊದಲು ತೋಳಡಿಯ ಚೀಲಕ್ಕೆ ಒಂದು ಪೆಟ್ಟು ಕೊಡುತ್ತಾರೆ. ಭುಜದ ಮೇಲಿನ ಮೂರು ಕೊಳವೆಗಳು ನಾದಸ್ವರದ ಪಕ್ಕದ ಶ್ರುತಿಯ ಹಾಗೆ ಗುಂಯ್ ಅಂತ ಹಿಡಿದುಕೊಳ್ಳುತ್ತವೆ. ರಾಗ ಬರುವುದು ಅದಾದ ಮೇಲೆ. ಅಷ್ಟೂ ಪೈಪುಗಳು ಒಟ್ಟಿಗೆ ಹಿಡಿದಾಗ ಕೂತ ಬೆಂಚೇ ಅದುರಿತು, ನನಗೆ ಸುಮ್ಸುಮ್ನೆ ಅಳು ಬಂತು. ಅಪ್ಪನ ಕಾಲು ತಾಳ ಹಾಕುತ್ತಿತ್ತು.

ಇದ್ದಕ್ಕಿದ್ದಂತೆ ಕಾಲು ನಿಂತಿತು. "ಇದನ್ನೇ ಊದಿಕೊಂಡು ನಮ್ಮೂರಿಗೆ ಬಂದಿರಬೇಕು, ಅಲ್ವಾ?" ಅಂದರು.

ಅಪ್ಪ ಗಂಜಾಂನವರು. ಶ್ರೀರಂಗಪಟ್ಟಣದ ಆ ಒಡೆದ ಗೋಡೆಗಳ ಮೇಲೆ ಆಡಿ ಬೆಳೆದವರು. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದ ಡೇವಿಡ್ ಬೈರ್ಡ್ ಸ್ಕಾಟ್ಲೆಂಡಿನವನು. ಸ್ಕಾಟ್ಲೆಂಡಿನವೇ ಆದ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳೂ ಅವನ ಜೊತೆಗಿದ್ದವು. ಸಂಜೆಯೊಳಗೆ ಟಿಪ್ಪು ಸತ್ತಿದ್ದ, ಊರು ಲೂಟಿಯಾಯಿತು.

"ಅದೇ ಬೈರ್ಡ್ ನಮ್ಮೂರಲ್ಲಿ ಸೆರೆಯಲ್ಲೂ ಇದ್ದನಲ್ಲಪ್ಪ" ಅಂದೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರ್, ಟಿಪ್ಪು ಸೈನ್ಯಕ್ಕೆ ಸಿಕ್ಕಿಬಿದ್ದವನು 1784ರವರೆಗೆ ಸಂಕೋಲೆಯಲ್ಲಿದ್ದ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಯುದ್ಧದಲ್ಲಿ ಅವರ ದಳಪತಿ ಆಗಿದ್ದ ಬೈಲಿ ಅಂತೂ ಸೆರೆಯಲ್ಲೇ ಸತ್ತ. ಆ ಬೈಲಿ ಡಂಜನ್ ಗೋಡೇಲಿ ಕಲ್ಲಿಗೆ ತೂತು ಇದೆಯಲ್ಲ, ಸರಪಳಿ ಹಾಕೋಕೆ, ಅದರ ಮುಂದೆ ಕೈ ಚಾಚಿ ನಿಂತು ಕೈದಿ ಆಟ ಆಡ್ತಿದ್ವಿ. ನಿಜವಾಗಿ ಯಾರ ಕೈ ಅಲ್ಲಿತ್ತು ಅಂತ ಒಂದಿನಾನೂ ಯೋಚಿಸಲಿಲ್ಲ" ಅಂದರು.

ಪಕ್ಕದ ಸಾಲಿನ ಅಜ್ಜಿಯೊಬ್ಬರು ನಮಗೆ ಪೆಪ್ಪರ್‌ಮೆಂಟ್ ಕೊಟ್ಟರು. ತುಂಬಾ ಒಳ್ಳೆಯವರು. ಅವರ ಅಣ್ಣ ಸೈನ್ಯದಲ್ಲಿ ಪೈಪ್ ನುಡಿಸುತ್ತಿದ್ದರಂತೆ. ಕೊನೆಯಲ್ಲಿ ಕೋಟೆ ಗೋಡೆ ಮೇಲೆ ಒಬ್ಬನೇ ಪೈಪರ್ ನಿಂತು ನುಡಿಸಿದಾಗ ಅವರು ಕಣ್ಣು ಒರೆಸಿಕೊಂಡರು, ಅಪ್ಪನೂ ಒರೆಸಿಕೊಂಡರು. ಇಬ್ಬರ ದುಃಖವೂ ಒಂದೇ ಅಲ್ಲ, ಆದರೆ ಆ ಹೊತ್ತಿಗೆ ಬೇರೆ ಮಾಡಲು ನನ್ನಿಂದಾಗಲಿಲ್ಲ. ಆ ಸಂಗೀತ ನನಗೆ ಇಷ್ಟ, ಇವತ್ತೂ ಇಷ್ಟ. ನಮ್ಮೂರಿಗೆ ಅದು ಹೇಗೆ ಬಂತು ಅನ್ನೋದು ಗೊತ್ತಿದ್ದೂ ಇಷ್ಟ.

ಇವತ್ತು ವಾಪಸ್ ಬರುವಾಗ ರೈಲು ಈಸ್ಟ್ ಲೋಥಿಯನ್ ಹಾದು ಬಂತು. ಬೈರ್ಡ್ ಹುಟ್ಟಿದ ನ್ಯೂಬೈತ್ ಇಲ್ಲೇ ಎಲ್ಲೋ ಹತ್ತಿರ ಅಂದೆ. ಅಪ್ಪ ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ. ಗೋಧಿ ಹೊಲ, ಆಚೆ ಸಮುದ್ರ. "ಒಂದ್ಸಲ ಇಳಿದು ನೋಡೋಣ" ಅಂದರು. ಏನು ನೋಡೋದಪ್ಪ ಅಂದರೆ, "ಅವನು ನಮ್ಮೂರು ನೋಡಿದ್ದಾನಲ್ಲ, ಎರಡೆರಡು ಸಲ. ನಾವೂ…" ಅಂತ ಶುರು ಮಾಡಿದರು, ಅಷ್ಟರಲ್ಲಿ ಟಿಕೆಟ್ ಚೆಕ್ ಮಾಡುವವನು ಬಂದ. ಮುಂದಿನ ತಿಂಗಳು ಅಪ್ಪ ಅಮ್ಮ ಇಬ್ಬರೂ ಊರಿಗೆ ಹೊರಡುತ್ತಾರೆ, ಅದರೊಳಗೆ ಒಂದು ಶನಿವಾರ…