ಲೋಟಸ್ ಕಾರ್ಲ್ಟನ್: 568 ನ್ಯೂಟನ್ ಮೀಟರಿನ ಸಲೂನ್

ನನ್ನ ಬಾಲ್ಯದಲ್ಲಿ ಸೋದರಮಾವನವರ ಬಳಿ ಬಿಳಿ ಬಣ್ಣದ ಒಂದು ಕಾಂಟೆಸ್ಸಾ ಇತ್ತು. ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಆ ಕಾರಿನ ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ವಿಕ್ಟರ್ ಕಾರಿನದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1978ರಲ್ಲಿ ಆ ಪೀಳಿಗೆಯ ಜಾಗಕ್ಕೆ ವಾಕ್ಸ್‌ಹಾಲ್ ತಂದ ಹೊಸ ಕಾರಿನ ಹೆಸರು ಕಾರ್ಲ್ಟನ್. ಹೀಗೆ ದೂರದ ನೆಂಟಸ್ತನವೊಂದನ್ನು ಹಿಡಿದು ಹೋದ ನಾನು, ಅದೇ ಹೆಸರನ್ನು ಹೊತ್ತ ಮುಂದಿನ ಪೀಳಿಗೆಯ ಒಂದು ಅಪರೂಪದ ಕಾರಿನ ಮುಂದೆ ನಿಂತುಬಿಟ್ಟೆ. ಹಲವು ವರ್ಷಗಳಿಂದ ಅದರ ಅಂಕಿಅಂಶಗಳನ್ನು ಓದುತ್ತಲೇ ಇದ್ದೇನೆ.

1986ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಸ್ಪೋರ್ಟ್ಸ್ ಕಾರುಗಳನ್ನು ತಯಾರಿಸುವ ಬ್ರಿಟನ್ನಿನ ಲೋಟಸ್ ಕಂಪನಿಯನ್ನು ಕೊಂಡಿತು. ವಾಕ್ಸ್‌ಹಾಲ್ ಮತ್ತು ಜರ್ಮನಿಯ ಓಪೆಲ್ ಅದಾಗಲೇ ಅದೇ ಮನೆಯವು. ಓಪೆಲ್ ಒಮೆಗಾ ಎಂದೂ ವಾಕ್ಸ್‌ಹಾಲ್ ಕಾರ್ಲ್ಟನ್ ಎಂದೂ ಎರಡು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ನಾಲ್ಕು ಬಾಗಿಲಿನ ಸಲೂನನ್ನು ಲೋಟಸ್ ಎಂಜಿನಿಯರುಗಳ ಕೈಗೆ ಕೊಟ್ಟಾಗ ಹುಟ್ಟಿದ್ದು ಈ ಕಾರು. 1989ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಅದನ್ನು ತೋರಿಸಿದರು. 1990ರಿಂದ 1992ರವರೆಗೆ ತಯಾರಿಕೆ ನಡೆಯಿತು. ಜರ್ಮನಿಯ ರೂಸೆಲ್ಸ್‌ಹೈಮ್ ಕಾರ್ಖಾನೆಯಲ್ಲಿ ಪೂರ್ಣಗೊಂಡ ಮೂರು ಲೀಟರಿನ ಕಾರುಗಳು ಇಂಗ್ಲೆಂಡಿನ ನಾರ್ಫಕ್‌ನಲ್ಲಿರುವ ಲೋಟಸ್ ನೆಲೆಯಾದ ಹೆಥೆಲ್‌ಗೆ ಬರುತ್ತಿದ್ದವು. ಅಲ್ಲಿ ಅವನ್ನು ಬಿಚ್ಚಿ, ಅಗಲವಾದ ಹಿಂಬದಿಯ ಚಕ್ರಗಳಿಗಾಗಿ ಮೈಯ ತಗಡನ್ನು ಕತ್ತರಿಸಿ, ಮತ್ತೆ ಕಟ್ಟುತ್ತಿದ್ದರು. ಮುಗಿದ ಕಾರನ್ನು ಪುನಃ ಒಡೆದು ಕಟ್ಟುವ ಈ ದುಬಾರಿ ಕ್ರಮವೇ ಅದರ ಬೆಲೆ 48,000 ಪೌಂಡುಗಳಿಗೆ ಏರಲು ಒಂದು ಕಾರಣವಿರಬೇಕು ಎಂದು ನನಗೆ ಅನಿಸುತ್ತದೆ.

ಈ ಕಾರಿನ ಮಾತು ಬಂದಾಗಲೆಲ್ಲ ಗಂಟೆಗೆ ಸುಮಾರು 285 ಕಿಲೋಮೀಟರ್ ಎಂಬ ಗರಿಷ್ಠ ವೇಗವನ್ನೇ ಎಲ್ಲರೂ ಎತ್ತುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬಹಳ ಮುಖ್ಯವಾದ ಅಂಕಿ 568, ಅಂದರೆ ಅದರ ಎಂಜಿನ್ 4,200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) ಕೊಡುವ ಟಾರ್ಕ್, ಎಂದರೆ ತಿರುಗಿಸುವ ಬಲ, ನ್ಯೂಟನ್ ಮೀಟರುಗಳಲ್ಲಿ. ಲೋಟಸ್ ಮಾಡಿದ ಬದಲಾವಣೆಗಳಲ್ಲಿ ಹೆಚ್ಚಿನವು ಆ ಅಂಕಿಯನ್ನೇ ಗುರಿಯಾಗಿಸಿಕೊಂಡಂತೆ ಕಾಣುತ್ತವೆ.

ಮೂಲ ಎಂಜಿನ್ನಿನಲ್ಲಿ ಸಾಲಾಗಿ ಆರು ಸಿಲಿಂಡರುಗಳು, 24 ವಾಲ್ವುಗಳು; ಬೋರ್ (ಸಿಲಿಂಡರಿನ ವ್ಯಾಸ) 95 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 69.8 ಮಿಲಿಮೀಟರ್, ಸಾಮರ್ಥ್ಯ 2,969 ಸಿಸಿ, ಶಕ್ತಿ 204 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ). ಸಿಲಿಂಡರುಗಳ ನಡುವಿನ ಅಂತರ ಮೊದಲೇ ನಿಗದಿಯಾಗಿರುವ ಬ್ಲಾಕಿನಲ್ಲಿ ಬೋರನ್ನು ಹಿಗ್ಗಿಸಲು ಅವಕಾಶ ಕಡಿಮೆ; ಅದರಲ್ಲೂ ಎಕ್ಸಾಸ್ಟ್ ಅನಿಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತುವ ಟರ್ಬೊದ ಒತ್ತಡವನ್ನು ತಡೆದುಕೊಳ್ಳಬೇಕಾದ ಗೋಡೆಗಳನ್ನು ತೆಳುವಾಗಿಸುವುದು ಜಾಣತನವಲ್ಲ. ಆದುದರಿಂದ ಬೋರನ್ನು ಮುಟ್ಟದೆ, ಹೊಸ ಕ್ರ್ಯಾಂಕ್‌ಶಾಫ್ಟ್ ಹಾಕಿ ಸ್ಟ್ರೋಕನ್ನು 85 ಮಿಲಿಮೀಟರಿಗೆ ಏರಿಸಿದರು. ಲೆಕ್ಕ ಹಾಕಿದರೆ ಸಾಮರ್ಥ್ಯ 3,615 ಸಿಸಿ ಆಗುತ್ತದೆ. ಪಿಸ್ಟನ್ನುಗಳ ಜಾಗಕ್ಕೆ ಮಾಲೆ ಕಂಪನಿಯ ಫೋರ್ಜ್ ಮಾಡಿದ ಪಿಸ್ಟನ್ನುಗಳು ಬಂದವು, ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದನ್ನು) 8.2ಕ್ಕೆ ಇಳಿಸಲಾಯಿತು.

ಟರ್ಬೊ ಕಾರುಗಳ ಹಳೆಯ ಶಾಪವೆಂದರೆ ಆಕ್ಸಿಲರೇಟರ್ ತುಳಿದ ಮೇಲೆ ಪಿಕಪ್ ಬರಲು ಕಾಯಬೇಕಾಗುವುದು. 1973ರ ಬಿಎಂಡಬ್ಲ್ಯು 2002 ಟರ್ಬೊ ಎಷ್ಟೇ ಪ್ರಿಯವಾದ ಕಾರಾದರೂ ಆ ಶಾಪದಿಂದ ತಪ್ಪಿಸಿಕೊಂಡಿರಲಿಲ್ಲ. ಅದರ ಕಂಪ್ರೆಷನ್ 6.9ರಷ್ಟು ಕೆಳಗಿದ್ದುದರಿಂದ ಬೂಸ್ಟ್, ಅಂದರೆ ಟರ್ಬೊ ಒದಗಿಸುವ ಹೆಚ್ಚುವರಿ ಗಾಳಿಯೊತ್ತಡ, ಏರುವ ತನಕ ಎಂಜಿನ್ನಿಗೆ ಕಸುವೇ ಇರುತ್ತಿರಲಿಲ್ಲ. ಲೋಟಸ್ ಇದಕ್ಕೆ ಎರಡು ಸಣ್ಣ ಗ್ಯಾರೆಟ್ ಟಿ25 ಟರ್ಬೊಗಳನ್ನು ಜೋಡಿಸಿತು. ಹಗುರವಾದ ಸಣ್ಣ ಚಕ್ರ ಬೇಗ ತಿರುಗತೊಡಗುತ್ತದೆ ಎಂಬುದು ಒಂದು ಲಾಭ. ಇನ್ನೊಂದು ಲಾಭ ಆರು ಸಿಲಿಂಡರುಗಳ ಸಾಲಿನದೇ: ಮುಂದಿನ ಮೂರು ಮತ್ತು ಹಿಂದಿನ ಮೂರು ಸಿಲಿಂಡರುಗಳನ್ನು ಬೇರೆ ಮಾಡಿದರೆ ಪ್ರತಿ ಗುಂಪಿನಲ್ಲೂ 240 ಡಿಗ್ರಿಗೊಮ್ಮೆ ಒಂದು ಸಿಲಿಂಡರ್ ಸಿಡಿಯುತ್ತದೆ, ಹಾಗಾಗಿ ಎಕ್ಸಾಸ್ಟಿನ ಮಿಡಿತಗಳು ಒಂದರ ದಾರಿಗೆ ಒಂದು ಅಡ್ಡ ಬಾರದೆ ಸಮವಾಗಿ ಟರ್ಬೊ ತಲುಪುತ್ತವೆ. ಬೂಸ್ಟ್ ಕೇವಲ 0.7 ಬಾರ್, ಒತ್ತಡದಿಂದ ಬಿಸಿಯಾದ ಗಾಳಿಯನ್ನು ನೀರಿನ ಮೂಲಕ ತಣಿಸುವ ಕೂಲರ್ ಕೂಡ ಇತ್ತು. ಫಲವಾಗಿ 5,200 ಆರ್‌ಪಿಎಂನಲ್ಲಿ 382 ಪಿಎಸ್, ಅಂದರೆ 377 ಬ್ರಿಟಿಷ್ ಅಶ್ವಶಕ್ತಿ ದೊರೆಯಿತು.

ಇದರ ಅರ್ಥವನ್ನು ತಿಳಿಯಲು ಅದೇ ಕಾಲದ ಬಿಎಂಡಬ್ಲ್ಯು ಎಂ5 ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿಯೂ ಸಾಲಾಗಿ ಆರು ಸಿಲಿಂಡರು, 24 ವಾಲ್ವು, ಸಾಮರ್ಥ್ಯವೂ ಬಹುತೇಕ ಅಷ್ಟೇ, 3,535 ಸಿಸಿ. ಟರ್ಬೊ ಇಲ್ಲದ ಆ ಎಂಜಿನ್ 315 ಪಿಎಸ್ ಕೊಡುತ್ತಿತ್ತು, ಮತ್ತು ಅದು ತನ್ನ ಕಾಲದ ಅತ್ಯುತ್ತಮ ಎಂಜಿನ್ನುಗಳಲ್ಲಿ ಒಂದು ಎಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಟಾರ್ಕ್ 360 ನ್ಯೂಟನ್ ಮೀಟರ್. ಶಕ್ತಿಯಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ ಮುಂದಿರುವ ಲೋಟಸ್, ಟಾರ್ಕಿನಲ್ಲಿ ಒಂದೂವರೆ ಪಟ್ಟಿಗೂ ಮೀರಿ ನಿಲ್ಲುತ್ತದೆ. ಸುಮಾರು 1,660 ಕಿಲೋ ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ ಐದು ಸೆಕೆಂಡಿಗಿಂತ ತುಸು ಹೆಚ್ಚಿನ ಸಮಯದಲ್ಲಿ ಒಯ್ಯುತ್ತಿದ್ದುದು ಈ ಟಾರ್ಕೇ.

ಉಳಿದ ಭಾಗಗಳನ್ನು ಜನರಲ್ ಮೋಟಾರ್ಸ್‌ನ ಲೋಕವ್ಯಾಪಿ ಉಗ್ರಾಣದಿಂದಲೇ ಆಯ್ದರು. ಆರು ಗೇರುಗಳ ಜಡ್‌ಎಫ್ ಗೇರ್‌ಬಾಕ್ಸ್ ಅಮೆರಿಕದ ಕಾರ್ವೆಟ್ ಜಡ್‌ಆರ್-1ರದು, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಆಸ್ಟ್ರೇಲಿಯಾದ ಹೋಲ್ಡನ್‌ನದು, ಹಿಂಬದಿಯ ಎತ್ತರವನ್ನು ತಾನೇ ಸರಿದೂಗಿಸುವ ಸಸ್ಪೆನ್ಷನ್ ಓಪೆಲ್ ಸೆನೆಟರ್‌ನದು. ಬ್ರೇಕುಗಳನ್ನು ಎಪಿ ರೇಸಿಂಗ್‌ನಿಂದ ತಂದರು. ಮುಂದಿನ ಡಿಸ್ಕುಗಳ ವ್ಯಾಸ 330 ಮಿಲಿಮೀಟರ್. ಒಂದು ಕೊರತೆಯನ್ನು ಹೇಳಲೇಬೇಕು. ರ್‍ಯಾಕ್ ಅಂಡ್ ಪಿನಿಯನ್ ಬದಲು ಹಳೆಯ ಮಾದರಿಯ ಸ್ಟಿಯರಿಂಗ್ ಬಾಕ್ಸನ್ನೇ ಉಳಿಸಿಕೊಂಡದ್ದರಿಂದ, ಲೋಟಸ್ ಹೆಸರು ಕೇಳಿ ಬಂದವರಿಗೆ ರಸ್ತೆಯ ಸ್ಪಂದನ ಕೈಗೆ ನಿರೀಕ್ಷಿಸಿದಷ್ಟು ದಕ್ಕುತ್ತಿರಲಿಲ್ಲ.

ಜರ್ಮನಿಯ ದೊಡ್ಡ ಕಾರು ತಯಾರಕರು ತಮ್ಮ ಸಲೂನುಗಳ ವೇಗವನ್ನು ಗಂಟೆಗೆ 250 ಕಿಲೋಮೀಟರಿಗೆ ತಾವಾಗಿಯೇ ಮಿತಗೊಳಿಸುತ್ತಿದ್ದ ಕಾಲವದು. ಮಿತಿಯೇ ಇಲ್ಲದ ನಾಲ್ಕು ಬಾಗಿಲಿನ ಕಾರೊಂದು ಬಂದಾಗ ಬ್ರಿಟನ್ನಿನ ಪತ್ರಿಕೆಗಳಲ್ಲಿ ಗದ್ದಲವೆದ್ದು, ಅದನ್ನು ನಿಷೇಧಿಸಬೇಕೆಂಬ ಕೂಗೂ ಕೇಳಿಬಂತು. 1993ರಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ಇಂಥ ಒಂದು ಕಾರನ್ನು ಕದ್ದವರು ಅದರಲ್ಲೇ ಅಂಗಡಿಗಳನ್ನು ದೋಚುತ್ತ ತಿರುಗಿದರು. ಪೊಲೀಸರ ಯಾವ ಕಾರಿಗೂ ಅದನ್ನು ಬೆನ್ನಟ್ಟಿ ಹಿಡಿಯಲು ಆಗಲಿಲ್ಲ. ಈ ಕಥೆಯೇ ಇಂದಿಗೂ ಎಲ್ಲರ ಬಾಯಲ್ಲಿದೆ, ಅದನ್ನು ಕಟ್ಟಿದವರ ಕೌಶಲದ ಮಾತು ಹಿಂದೆ ಸರಿದಿದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. 1,100 ಕಾರುಗಳ ಯೋಜನೆಯಿದ್ದರೂ ಆರ್ಥಿಕ ಹಿಂಜರಿತದ ಆ ವರ್ಷಗಳಲ್ಲಿ ತಯಾರಾದದ್ದು 950 ಮಾತ್ರ: 320 ಕಾರ್ಲ್ಟನ್, 630 ಒಮೆಗಾ.

ಈ ಕಾರಿನಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಅದರ ಆರನೇ ಗೇರ್. ಆ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ತಿರುಗುವ ಪ್ರತಿ 1,000 ಸುತ್ತಿಗೆ ಕಾರು ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಹೆದ್ದಾರಿಯಲ್ಲಿ 110ರ ವೇಗಕ್ಕೆ ಎಂಜಿನ್ 1,600 ಸುತ್ತುಗಳನ್ನೂ ಮುಟ್ಟಬೇಕಿಲ್ಲ. ಹೊಗೆಯಂತೆ ಕಪ್ಪಾಗಿ ಕಾಣುವ ಹಸಿರು ಬಣ್ಣದ ಆ ಮೈಯೊಳಗೆ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿರುವಾಗ, ಡಿಕ್ಕಿಯಲ್ಲಿ ಊರಿಗೆ ಹೊತ್ತೊಯ್ಯುವ ಸಾಮಾನು ತುಂಬಿರುವಾಗ, ಎಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ತಿರುಗುತ್ತಿರುತ್ತದೆ.