ಟೆಂಪ್ಲೇಟಿನಲ್ಲಿ 5 ಮತ್ತು "5" ಸಮವಲ್ಲ

ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೊದ ಟೆಂಪ್ಲೇಟಿನಲ್ಲಿ (ಪುಟದ ಅಚ್ಚಿನಲ್ಲಿ) ಡ್ರಾಪ್‌ಡೌನ್ ಬರೆದಾಗ, ಬಳಕೆದಾರರು ಆರಿಸಿದ ಆಯ್ಕೆ ಪುಟ ಮತ್ತೆ ತೆರೆದಾಗ ಉಳಿದಿರುವುದಿಲ್ಲ ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಯುಆರ್‌ಎಲ್‌ನ ಕ್ವೆರಿಯಿಂದ ಬಂದ ಮೌಲ್ಯ ಯಾವಾಗಲೂ ಸ್ಟ್ರಿಂಗ್, ಅಂದರೆ ಪಠ್ಯ. ಡೇಟಾಬೇಸಿನಿಂದ ಬಂದ ಐಡಿ ಸಾಮಾನ್ಯವಾಗಿ ಪೂರ್ಣಾಂಕ. ಹಾಗಾಗಿ ಆರಿಸಿದ ಆಯ್ಕೆ ಯಾವುದೆಂದು ತಿಳಿಯಲು ಷರತ್ತು ಪರೀಕ್ಷಿಸುವ ಇಫ್ ಟ್ಯಾಗ್‌ನಲ್ಲಿ ಇವೆರಡನ್ನು ಹೋಲಿಸಿದರೆ ಸಮ ಎನಿಸುವುದಿಲ್ಲ. ಎರಡನ್ನೂ ಪುಟದ ಮೇಲೆ ಮುದ್ರಿಸಿ ನೋಡಿದರೆ 5 ಎಂದೇ ಕಾಣುವುದರಿಂದ, ಅನುಮಾನವೆಲ್ಲ ಇಫ್ ಟ್ಯಾಗ್‌ನ ಮೇಲೆ ಹೋಗುತ್ತದೆ. ಮೌಲ್ಯದ ಬಗೆ ತಿಳಿಯುವಂತೆ ತೋರಿಸುವ ಪಿಪ್ರಿಂಟ್ ಫಿಲ್ಟರ್ ಹಚ್ಚಿ ಮುದ್ರಿಸಿದರೆ ಒಂದರ ಸುತ್ತ ಮಾತ್ರ ಉದ್ಧರಣ ಚಿಹ್ನೆ ಕಾಣಿಸಿಕೊಂಡು ಗುಟ್ಟು ರಟ್ಟಾಗುತ್ತದೆ.

ಹೆಚ್ಚು-ಕಡಿಮೆಯ ಹೋಲಿಕೆ ಇನ್ನೂ ಮೋಸದ್ದು. ಸ್ಟ್ರಿಂಗ್ ಮತ್ತು ಪೂರ್ಣಾಂಕಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಪೈಥಾನ್ 3 ಟೈಪ್‌ಎರರ್ ಎಂಬ ದೋಷ ಕೊಡುತ್ತದೆ. ಇನ್ನೊಂದು ಟೆಂಪ್ಲೇಟ್ ವ್ಯವಸ್ಥೆಯಾದ ಜಿಂಜಾ ಅದನ್ನು ಹಾಗೆಯೇ ಮೇಲಕ್ಕೆ ಬಿಡುತ್ತದೆ, ಜಾಂಗೊ ಮಾತ್ರ ಅದನ್ನು ನುಂಗಿಕೊಂಡು ಷರತ್ತು ಸುಳ್ಳೆಂದು ಪರಿಗಣಿಸಿ ಮುಂದೆ ಸಾಗುತ್ತದೆ. ಪುಟ ಕುಸಿಯದಿರಲಿ ಎಂಬ ಉದ್ದೇಶ ಸರಿಯೇ, ಆದರೆ ದೋಷ ಹುಡುಕುವವರಿಗೆ ಈ ಮೌನ ದುಬಾರಿ.

ಕೂಡುವ ಆ್ಯಡ್ ಫಿಲ್ಟರಿಗೆ ಸೊನ್ನೆ ಕೊಟ್ಟು ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಉಪಾಯ ಕೆಲಸ ಮಾಡುತ್ತದಾದರೂ, ಮುಂದೆ ಆ ಕೋಡ್ ಓದುವವರಿಗೆ ಅದು ಅಲ್ಲಿ ಏಕಿದೆ ಎಂಬುದು ತಿಳಿಯುವುದಿಲ್ಲ. ಪರಿವರ್ತನೆಯನ್ನು ಟೆಂಪ್ಲೇಟಿಗೆ ಮೌಲ್ಯ ಒದಗಿಸುವ ವ್ಯೂನಲ್ಲೇ ಇಂಟ್ ಫಂಕ್ಷನ್ ಬಳಸಿ, ತಪ್ಪು ಮೌಲ್ಯ ಬಂದಾಗ ಏಳುವ ವ್ಯಾಲ್ಯೂಎರರನ್ನೂ ಅಲ್ಲೇ ಹಿಡಿದು ಮುಗಿಸುವುದು ನನಗೆ ಹೆಚ್ಚು ಒಪ್ಪಿಗೆಯಾದ ದಾರಿ.