ಸೊಂಟದ ಮೇಲೊಂದು ಕೈ

11 ಜೂನ್ 2024, ಮಂಗಳವಾರ ರಾತ್ರಿ

ತಂಗಿ ಇವತ್ತು ಅತ್ತಳು. ಅವಳಿಗೆ 37 ವಾರ ತುಂಬಿದೆ. ಪಾಪುವಿನ ಬಟ್ಟೆ ಮಡಚುತ್ತಾ ಕೂತಿದ್ದವಳು, ಒಂದು ಪುಟ್ಟ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಇದ್ದಕ್ಕಿದ್ದ ಹಾಗೆ ಕೇಳಿದಳು. "ಅಕ್ಕಾ, ಹೆರಿಗೆ ನೋವು ನನ್ ಕೈಲಿ ತಡ್ಕೊಳ್ಳೋಕೆ ಆಗದೇ ಇದ್ರೆ?"

"ಏನೂ ಆಗಲ್ಲ, ಧೈರ್ಯವಾಗಿರು" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ನನಗೂ ಎಲ್ಲರೂ ಅದನ್ನೇ ಹೇಳಿದ್ದರು. ಅದರಿಂದ ಚೂರೂ ಧೈರ್ಯ ಬಂದಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ನೋವಾಗುತ್ತೆ ಪುಟ್ಟಿ. ಆದರೆ ಒಂದೇ ಸಮ ಇರಲ್ಲ. ಬರುತ್ತೆ, ಏರುತ್ತೆ, ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಇಳಿಯುತ್ತೆ. ನಡುವೆ ಬಿಡುವಿರುತ್ತೆ. ಆ ಬಿಡುವಿನಲ್ಲೂ ಹಲ್ಲು ಕಚ್ಚಿಕೊಂಡು ಕೂತರೆ ಸುಸ್ತು ಜಾಸ್ತಿ. ತುಂಬಾ ಹೆದರಿದರೆ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರುತ್ತೆ, ಗರ್ಭಕೋಶಕ್ಕೆ ಕೆಲಸ ಕೊಡುವ ಇನ್ನೊಂದು ಹಾರ್ಮೋನ್ ಆಕ್ಸಿಟೋಸಿನ್‌ಗೆ ಅದು ಅಡ್ಡಿ ಮಾಡುತ್ತೆ...

"ಹಾಗಾದ್ರೆ ಹೆದರಿದ್ರೆ ಅದೂ ನನ್ ತಪ್ಪೇನಾ?"

ಅಯ್ಯೋ. ಎಲ್ಲಿಂದ ಎಲ್ಲಿಗೆ ಹೋಯಿತು ಮಾತು. ಅವಳ ಕೈ ಹಿಡಿದುಕೊಂಡೆ. ಇಲ್ಲ ಕಣೇ, ನಿನ್ನ ತಪ್ಪಲ್ಲ. ಹೆದರಿಕೆ ಇಳಿಸೋದು ಪಕ್ಕದಲ್ಲಿರೋರ ಕೆಲಸ. ಅಂದರೆ ನನ್ನ ಕೆಲಸ.

ನನ್ನ ಹೆರಿಗೆಯ ರಾತ್ರಿ ನೆನಪಾಯಿತು. ಮಗುವಿನ ಬೆನ್ನು ನನ್ನ ಬೆನ್ನಿನ ಕಡೆಗೇ ಇತ್ತು. ನೋವೆಲ್ಲ ಸೊಂಟಕ್ಕೇ. ಯಾರೋ ಬಾಗಿಲಲ್ಲೇ ನಿಂತು "ಇಷ್ಟಕ್ಕೇ ಕೂಗ್ತೀಯಾ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ರಾತ್ರಿ ಪಾಳಿಯ ಸಿಸ್ಟರ್ ಬಂದರು. ಏನೂ ಮಾತಾಡಲಿಲ್ಲ. ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈ ಬುಡ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದರು. ನೋವು ಇಳಿಯುವವರೆಗೂ ಕೈ ತೆಗೆಯಲಿಲ್ಲ. ನೋವು ಹೋಗಲಿಲ್ಲ, ನಿಜ. ಆದರೆ ತಡೆದುಕೊಳ್ಳುವಷ್ಟಾಯಿತು.

ಅದು ಯಾಕೆ ಅಂತ ಎಷ್ಟೋ ದಿನ ಆದಮೇಲೆ ಓದಿದೆ. ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲಿ ಹೇಳಿದ್ದು. ಮುಟ್ಟಿದ್ದು, ಒತ್ತಿದ್ದು ಎಲ್ಲ ಬೆನ್ನುಹುರಿಗೆ ತಲುಪಿದಾಗ, ಅಲ್ಲಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿ ಕಮ್ಮಿಯಾಗುತ್ತದಂತೆ. ಮೊಣಕೈ ಎಲ್ಲಾದರೂ ಬಡಿದರೆ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಹಾಗೆ.

ಅವಳನ್ನು ದಿಂಬಿನ ಮೇಲೆ ಮಂಡಿಯೂರಿಸಿ, ಕುರ್ಚಿಗೆ ತಲೆ ಒರಗಿಸಿ ಕೂರಿಸಿದೆ. ಒತ್ತಿದೆ. "ಇನ್ನೂ ಕೆಳಗೆ. ಹಾಂ, ಅಲ್ಲೇ." ಬಿಸಿನೀರಿನ ಚೀಲವನ್ನೂ ಇಟ್ಟು ನೋಡಿದೆವು. ಉಸಿರು ಮಾತ್ರ ಸರಿಹೋಗಲಿಲ್ಲ, ಬೇಗ ಬೇಗ ಎಳೆದುಕೊಳ್ಳುತ್ತಾಳೆ. ನಾನೂ ಅಂದು ಹಾಗೇ ಮಾಡಿ, ಬೆರಳ ತುದಿಯೆಲ್ಲ ಜುಮ್ಮೆಂದು ತಲೆ ತಿರುಗಿತ್ತು. ಬಿಡುವ ಉಸಿರು ಉದ್ದ ಇರಬೇಕು. ಬಾಯಲ್ಲಿ ಹೇಳಿದರೆ ಬರಲ್ಲ ಅದು. ನಾನೇ ಅವಳ ಕಿವಿಯ ಹತ್ತಿರ ನಿಧಾನವಾಗಿ ಬಿಡುತ್ತಾ ಹೋದೆ. ನಾಲ್ಕೈದು ಸಲ ಆದಮೇಲೆ ಅವಳ ಭುಜ ಸಡಿಲವಾಯಿತು.

"ಕೊನೆಗೆ ಎಪಿಡ್ಯೂರಲ್, ಅದೇ ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್, ಬೇಕು ಅಂದ್ರೆ ಬೈತೀಯಾ?"

ಯಾಕೆ ಬೈಲಿ? ಬೇಕು ಅನಿಸಿದರೆ ಕೇಳು. ಆಗಲೂ ನಾನು ಪಕ್ಕದಲ್ಲೇ ಇರುತ್ತೇನೆ.

ಪಕ್ಕದಲ್ಲಿರಲು ಬಿಡುತ್ತಾರಾ ಅನ್ನೋದೇ ಈಗ ಚಿಂತೆ. ಹೆರಿಗೆಯಾಗುವವಳು ಬಯಸಿದ ಒಬ್ಬರು ಜೊತೆಗಿರಬೇಕು, ಅವಳಿಗೆ ಓಡಾಡಲು ಬಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ಇಲ್ಲ ಅಂದರೆ ಇನ್ನೊಂದು ಸಲ ಕೇಳುತ್ತೇನೆ. ಸುಮ್ನೆ ಬಿಡಲ್ಲ.

ಹತ್ತು ನಿಮಿಷ ಒತ್ತಿದ್ದಕ್ಕೇ ಮಣಿಕಟ್ಟು ನೋಯುತ್ತಿದೆ. ಹೆರಿಗೆ ಎಷ್ಟು ಗಂಟೆ ಹಿಡಿಯುತ್ತೋ. ಅವಳ ಗಂಡನಿಗೂ ಇದನ್ನು ಕಲಿಸಬೇಕು, ಭಾನುವಾರ ಬರುತ್ತಾನೆ. ಉಗುರು ಕತ್ತರಿಸಿಕೊಳ್ಳಬೇಕು. ಒಳಗಿನಿಂದ ಕರೆಯುತ್ತಿದ್ದಾಳೆ, "ಅಕ್ಕಾ, ಇನ್ನೊಂದ್ ಸಲ ಒತ್ತುತೀಯಾ" ಅಂತ